ಕಾರ್ಟನ್ ಮೇಲೆ ನಿಂತ ಸ್ಪೀಕರ್

ಅಲ್ ಹಿಲಾಲ್, ದೋಹಾ
ಬುಧವಾರ ಸಂಜೆ

ಪ್ರೀತಿಯ ಮಟಿಲ್ಡಾ,

ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ನೀನು ಬೈಯುವಾಗ, ಇದನ್ನು ಕೊನೆಯಲ್ಲಿ ಹೇಳಿದ್ದು ಬೇರೆ ಎಂದು ಇನ್ನೊಂದು ತಪ್ಪು ಸೇರಿಸುತ್ತಿ. ನಮ್ಮ ಹಾಲಿನ ಗೋಡೆಗೆ ನೀನು ಸಾಲಾಗಿ ಜೋಡಿಸಿಟ್ಟಿದ್ದ ಊರಿನ ಮನೆಯ ಕಾರ್ಟನ್‌ಗಳನ್ನು ನಾನು ತೆರೆದಿದ್ದೇನೆ. ಒಂದೆರಡಲ್ಲ, ಹನ್ನೊಂದೂ. ಒಳಗೆ ಏನಿತ್ತು, ಏನಿರಲಿಲ್ಲ ಎಂಬುದು ನಿನಗೆ ಗೊತ್ತು. ಈಗ ನನಗೂ ಗೊತ್ತಾಗಿದೆ. ಶನಿವಾರ ನೀನು ಬಂದು ಬಾಗಿಲು ತೆರೆದಾಗ ಎದೆ ಧಸಕ್ಕೆನ್ನಬಾರದು ಎಂದು ಈ ಕಾಗದ. ಅದಲ್ಲದೆ ನನ್ನ ಕಡೆಯಿಂದಲೂ ನಿನಗೆ ಹೇಳದೆ ಮುಚ್ಚಿಟ್ಟದ್ದು ಒಂದಿದೆ. ಐದು ವರ್ಷದಿಂದ ಇದೆ. ಅದನ್ನು ಹೇಳುವಷ್ಟು ಧೈರ್ಯ ಬರಬೇಕಾದರೆ ನಾನು ಸ್ಪೀಕರಿನಿಂದ ಶುರು ಮಾಡಬೇಕು, ಸ್ವಲ್ಪ ತಾಳ್ಮೆ ಇರಲಿ.

ಫೋನಿನಲ್ಲೇ ಹೇಳಬಹುದಿತ್ತಲ್ಲ ಎಂದು ಕೇಳುತ್ತಿ. ನಾಲ್ಕು ಸಲ ಪ್ರಯತ್ನ ಮಾಡಿದೆ. ನಾಲ್ಕು ಸಲವೂ ನಿನ್ನ ತಂಗಿ ಪ್ಯಾಟ್ರಿಷಿಯಾಳ ಮೊಣಕಾಲಿನ ಹೊಲಿಗೆ, ವ್ಯಾಯಾಮ ಮಾಡು ಎಂದರೆ ಅವಳು ಮಾಡುವ ನಾಟಕ, ಇದರಲ್ಲೇ ಮಾತು ಮುಗಿಯಿತು. ಅವಳ ಆಪರೇಷನ್ ಎಂದು ಊರಿಗೆ ಹೋದವಳಿಗೆ ಮಧ್ಯದಲ್ಲಿ ಇದನ್ನೆಲ್ಲ ತುರುಕುವುದು ಹೇಗೆ? ವಾಟ್ಸಾಪಿನಲ್ಲಿ ಬರೆದರೆ ನೀಲಿ ಗೆರೆ ಬಿದ್ದ ಕೂಡಲೇ ನೀನು ಫೋನ್ ಮಾಡುತ್ತಿ, ನನ್ನ ಬಾಯಿ ಕಟ್ಟುತ್ತದೆ. ನಾಳೆ ನಿಮ್ಮ ಶಾಲೆಯ ಜೂಲಿಯೆಟ್ ಮಂಗಳೂರಿಗೆ ಹೊರಟಿದ್ದಾಳೆ. ಹಿಂದೆಲ್ಲ ಊರಿಗೆ ಹೋಗುವವರ ಕೈಯಲ್ಲಿ ಕಾಗದ ಕೊಡುತ್ತಿದ್ದೆವಲ್ಲ, ಹಾಗೆ ಅವಳ ಕೈಯಲ್ಲಿ ಕೊಡುತ್ತಿದ್ದೇನೆ. ನಮ್ಮಿಬ್ಬರ ಜಗಳ ಯಾವತ್ತೂ ಕೊಂಕಣಿಯಲ್ಲಿ, ಕಾಗದ ಯಾವತ್ತೂ ಕನ್ನಡದಲ್ಲಿ. ನಿಶ್ಚಿತಾರ್ಥವಾದ ಮೇಲೆ ನಾನು ಬರೆದ ಮೊದಲ ಕಾಗದವನ್ನು ನೀನು ಟೀಚರ್ ಬುದ್ಧಿ ಬಿಡದೆ ಕೆಂಪು ಪೆನ್ನಿನಲ್ಲಿ ತಿದ್ದಿ ವಾಪಸು ಕಳುಹಿಸಿದವಳು. ಇದನ್ನೂ ತಿದ್ದು, ಅಡ್ಡಿಯಿಲ್ಲ. ಆದರೆ ಮೊದಲು ಪೂರ್ತಿ ಓದು.

ನಮ್ಮ ಗೆಳೆಯ ರಸೆಲ್ ಕೆಲಸ ಬಿಟ್ಟು ಖಾಯಂ ಆಗಿ ಊರಿಗೆ ಹೊರಟಾಗ ತನ್ನ ಎರಡು ಟವರ್ ಸ್ಪೀಕರುಗಳನ್ನು ನಮಗೆ ಕೊಟ್ಟು ಹೋದದ್ದು ಫೆಬ್ರವರಿಯಲ್ಲಿ. ಅಲ್ ರಯ್ಯಾನಿನ ಅವನ ಮನೆಯಲ್ಲಿ ಅವು ಹೇಗೆ ಕೇಳುತ್ತಿದ್ದವು ಎಂದು ನೀನೂ ಕಂಡಿದ್ದಿ. ಹಾಡುವವಳು ಟೀಪಾಯಿಯ ಆಚೆ ಬಂದು ನಿಂತ ಹಾಗೆ ಅನಿಸುತ್ತಿತ್ತು, ಅವಳು ಸಾಲಿನ ಮಧ್ಯೆ ಉಸಿರೆಳೆದುಕೊಳ್ಳುವುದೂ ಕೇಳುತ್ತಿತ್ತು. ನೀನು ಅವತ್ತು ಬಿರಿಯಾನಿ ತಟ್ಟೆ ಹಿಡಿದುಕೊಂಡು ತಿನ್ನುವುದನ್ನೇ ಮರೆತಿದ್ದಿ. ನಮ್ಮ ಮನೆಗೆ ಬಂದದ್ದು ಅದೇ ಸ್ಪೀಕರ್, ಅದೇ ಆಂಪ್ಲಿಫೈಯರ್, ಅದೇ ವಯರು. ಹಾಡುವವಳು ಮಾತ್ರ ಇಲ್ಲಿಗೆ ಬಂದದ್ದೇ ಫ್ಯಾನ್ ಹತ್ತಿ ಕುಳಿತಳು. ತಬಲಾದವನು ಅಡುಗೆಮನೆಗೆ ಹೋಗಿ ಬಾರಿಸತೊಡಗಿದ. ಅದರ ಜೊತೆಗೆ ಅಡಿಯಿಂದ ಗುಂಯ್ ಎಂದು ಒಂದು ಸದ್ದು, ಹಾಡಿಗೂ ಅದಕ್ಕೂ ಸಂಬಂಧವೇ ಇಲ್ಲ. ನಿನಗೆ ಹೇಳಲಿಲ್ಲ, ಆದರೆ ನಾನು ರಸೆಲ್ ಮೇಲೆಯೇ ಸಂಶಯಪಟ್ಟೆ. ಎಲ್ಲೋ ಬೀಳಿಸಿ ಹಾಳಾದ ಮೇಲೆ ನಮಗೆ ದಾಟಿಸಿದ್ದಾನೆ, ಪುಕ್ಕಟೆ ಸಿಕ್ಕಿದ್ದಕ್ಕೆ ನಾನು ಬಾಯಿ ಬಿಡುವ ಹಾಗಿಲ್ಲ ಎಂದು ಗೊತ್ತಿದ್ದೇ ಕೊಟ್ಟಿದ್ದಾನೆ ಅಂದುಕೊಂಡೆ. ಪಾಪ, ಅವನ ತಪ್ಪು ಏನೂ ಇರಲಿಲ್ಲ.

ಸ್ಪೀಕರುಗಳನ್ನು ಕಾರ್ಟನ್‌ಗಳ ಮೇಲೆ ಹಲಗೆ ಹಾಕಿ ಇಟ್ಟವನು ನಾನೇ. ಬೇರೆ ಜಾಗ ಎಲ್ಲಿತ್ತು ಹೇಳು? ಸೋಫಾದ ಎದುರಿನ ಗೋಡೆ ಪೂರ್ತಿ ಕಾರ್ಟನ್, ಸೋಫಾದ ಪಕ್ಕದ ಗೋಡೆಯಲ್ಲಿ ಅರ್ಧ ಕಾರ್ಟನ್. ಊರಿನ ಚರ್ಚಿನಲ್ಲಿ ಸ್ಪೀಕರ್ ಕಂಬದ ತುದಿಯಲ್ಲೇ ಇರುವುದು, ಮೇಲಿದ್ದಷ್ಟೂ ಒಳ್ಳೆಯದು ಎಂಬ ನನ್ನ ಪಾಂಡಿತ್ಯ ಬೇರೆ. ನೀನು ಬಾಗಿಲ ಬಳಿ ನಿಂತು ಅದರ ಮೇಲೆ ಇಡಬೇಡಿ ಎಂದಿದ್ದಿ. ಡಿನ್ನರ್ ಸೆಟ್ಟಿಗೆ ಏನೂ ಆಗುವುದಿಲ್ಲ, ಥರ್ಮಕೋಲ್ ಇದೆ ಎಂದು ನಾನು ಹೇಳಿದೆ. ನೀನು ಅಡುಗೆಮನೆಗೆ ಹೋದಿ. ಮಾತಿಗೆ ಮಾತು ಕೊಡದೆ ನೀನು ಹೋಗುವುದು ವರ್ಷಕ್ಕೊಮ್ಮೆ. ಅವತ್ತೇ ನನಗೆ ಅನುಮಾನ ಬರಬೇಕಿತ್ತು.

ಮೊದಲ ಕಾರ್ಟನ್ ಬಂದದ್ದು ನಾವು ಶಿರ್ವದಲ್ಲಿ ಮನೆ ಕಟ್ಟಲು ಜಾಗ ತೆಗೆದುಕೊಂಡ ವರ್ಷ. ಆಮೇಲೆ ಪ್ರತಿ ಸೇಲಿಗೂ ಒಂದೊಂದು. ಗೀರು ಬಿದ್ದ ತಟ್ಟೆ, ಹಿಡಿ ಸಡಿಲವಾದ ಬಾಣಲೆ ಇಲ್ಲಿಗೆ, ಒಳ್ಳೆಯದೆಲ್ಲ ಊರಿನ ಮನೆಗೆ. ನಾವು ಮಾತ್ರ ಹೀಗೆ ಎಂದು ಹೇಳುವುದಿಲ್ಲ. ದೋಹಾದಲ್ಲಿ ನಮ್ಮವರ ಯಾರ ಮನೆಗೆ ಹೋದರೂ ಮಂಚದ ಕೆಳಗೆ, ಕಪಾಟಿನ ಮೇಲೆ, ಟೇಪು ಸುತ್ತಿದ ಊರಿನ ಮನೆಯೊಂದು ಇದ್ದೇ ಇರುತ್ತದೆ. ನಮ್ಮದು ಸ್ವಲ್ಪ ಜಾಸ್ತಿ ಬೆಳೆಯಿತು ಅಷ್ಟೆ. ನೀನು ಪ್ರತಿಯೊಂದರ ಮೇಲೂ ದುಂಡಗಿನ ಅಕ್ಷರದಲ್ಲಿ ಚೀಟಿ ಅಂಟಿಸುತ್ತಿದ್ದಿ. "ಡಿನ್ನರ್ ಸೆಟ್, ನೀಲಿ ಹೂ, 36." "ದೊಡ್ಡ ಕುಕ್ಕರ್." "ಹಾಲಿನ ಪರದೆ, ಗೋಧಿ ಬಣ್ಣ." ಕೆಳಗೆ ತಿಂಗಳು, ವರ್ಷ. ಆಫೀಸಿನಲ್ಲಿ ದಿನವಿಡೀ ಡ್ರಾಯಿಂಗುಗಳಿಗೆ ನಂಬರ್ ಹಾಕಿ ಫೈಲ್ ಮಾಡುವವನು ನಾನು, ಆದರೂ ನಿನ್ನಷ್ಟು ಚೊಕ್ಕವಾಗಿ ಬರುವುದಿಲ್ಲ.

ನೀನು ಹೋದ ಮೊದಲ ಶುಕ್ರವಾರ ಚರ್ಚಿನ ಪೂಜೆ ಮುಗಿಸಿ ಬಂದು, ಎಸಿ ಆಫ್ ಮಾಡಿ, ಬೆವರುತ್ತ ಕುಳಿತು ಕೇಳಿದೆ. ಈ ಹಾಡುವವಳು ಕೆಳಗೆ ಇಳಿಯದೆ ಇರುವುದಕ್ಕೆ ಏನಾದರೂ ಕಾರಣ ಇರಲೇಬೇಕಲ್ಲ ಎಂದು ತಲೆಗೆ ಹುಳ ಬಿಟ್ಟ ಹಾಗಾಯಿತು. ನಾಚಿಕೆ ಬಿಟ್ಟು ರಸೆಲ್‌ಗೆ ಫೋನ್ ಮಾಡಿದೆ. ಅವನು ಬಿದ್ದು ಬಿದ್ದು ನಕ್ಕು, ಟ್ವೀಟರ್ ಎಲ್ಲಿದೆ, ನಿನ್ನ ಕಿವಿ ಎಲ್ಲಿದೆ ಎಂದು ಅಳೆದಿದ್ದೀಯಾ ಮಾರಾಯ ಎಂದು ಕೇಳಿದ. ಟ್ವೀಟರ್ ಎಂದರೆ ಮೇಲ್ಗಡೆ ಇರುವ ಸಣ್ಣ ಗುಂಡಿಯಂಥದ್ದು, ತೆಳು ಸ್ವರ ಎಲ್ಲ ಅದರಿಂದಲೇ ಬರುವುದು. ಅದು ಕುಳಿತವನ ಕಿವಿಗೆ ನೇರವಾಗಿ ಇರಬೇಕಂತೆ. ದೊಡ್ಡ ಸ್ವರ ಮೂಲೆ ಮೂಲೆಗೂ ಹೋಗುತ್ತದೆ, ತೆಳು ಸ್ವರ ನೆಟ್ಟಗೆ ಹೋಗುತ್ತದೆ, ಅದರ ದಾರಿಯಲ್ಲಿ ನೀನು ಇಲ್ಲದಿದ್ದರೆ ಅದು ನಿನ್ನ ತಲೆಯ ಮೇಲಿಂದ ದಾಟಿ ಗೋಡೆಗೆ ಬಡಿದು ಬರುತ್ತದೆ ಎಂದು ವಿವರಿಸಿದ. ನಿನ್ನ ಹೊಲಿಗೆ ಡಬ್ಬಿಯ ಟೇಪು ತೆಗೆದು ಅಳೆದೆ. ನಮ್ಮ ಕುಗ್ಗಿದ ಸೋಫಾದಲ್ಲಿ ಕುಳಿತರೆ ನನ್ನ ಕಿವಿ ನೆಲದಿಂದ ಮೂವತ್ತೊಂಬತ್ತು ಇಂಚು. ಟ್ವೀಟರ್ ಐವತ್ತೇಳು. ಇಷ್ಟು ತಿಂಗಳು ಅವಳು ನನ್ನ ತಲೆಯ ಮೇಲೆ ಹಾಡುತ್ತಿದ್ದಳು ಎಂದು ತಿಳಿದು ಎಷ್ಟು ಖುಷಿಯಾಯಿತೆಂದರೆ, ಯಾರಿಗಾದರೂ ಹೇಳಬೇಕು ಅನಿಸಿತು. ನೀನಿರಲಿಲ್ಲ.

ಈಗ ಬುದ್ಧಿ ಇರುವವನು ಏನು ಮಾಡುತ್ತಾನೆ? ಸ್ಪೀಕರನ್ನು ಕೆಳಗಿಳಿಸುತ್ತಾನೆ. ಆದರೆ ಕೆಳಗಿಳಿಸಬೇಕಾದರೆ ಕಾರ್ಟನ್ ಸರಿಸಬೇಕು. ಕಾರ್ಟನ್ ಮುಟ್ಟುವುದು ನನ್ನ ತಲೆಗೇ ಬರಲಿಲ್ಲ ನೋಡು. ನಾನು ಮೇಲೆ ಹತ್ತಿದೆ. ಊಟದ ಮೇಜನ್ನು ಸೋಫಾದ ಮುಂದೆ ಎಳೆದು, ಅದರ ಮೇಲೆ ಕಾಲು ಇಳಿಬಿಟ್ಟು ಕುಳಿತು ಹಾಡು ಹಾಕಿದೆ. ಮಟಿಲ್ಡಾ, ಹಾಡುವವಳು ಇಳಿದು ಬಂದಳು! ಎರಡು ಸ್ಪೀಕರುಗಳ ನಡುವೆ, ಏನೂ ಇಲ್ಲದ ಜಾಗದಲ್ಲಿ, ನೆಟ್ಟಗೆ ನಿಂತಳು. ನಾನು ಅರ್ಧ ಗಂಟೆ ಹಾಗೆಯೇ ಮೇಜಿನ ಮೇಲೆ ಬೇಲಿ ಹತ್ತಿದ ಹುಡುಗನ ಹಾಗೆ ಕುಳಿತಿದ್ದೆ. ಐವತ್ತೈದು ವರ್ಷದ ಗಂಡಸು. ನೀನು ನೋಡಿದ್ದರೆ ಫೋಟೋ ತೆಗೆದು ನಿನ್ನ ಅಕ್ಕತಂಗಿಯರ ಗ್ರೂಪಿಗೆಲ್ಲ ಹಾಕುತ್ತಿದ್ದಿ.

ಆದರೆ ಆ ಗುಂಯ್ ಸದ್ದು ಮಾತ್ರ ಮೇಜಿನ ಮೇಲೂ ಬಿಡಲಿಲ್ಲ. ಎತ್ತರಕ್ಕೂ ಅದಕ್ಕೂ ಸಂಬಂಧ ಇಲ್ಲವೆಂದಾಯಿತು. ಎಡಗಡೆಯ ಸ್ಪೀಕರ್ ಒಂದು ಚೂರು ಮುಂದಕ್ಕೆ ವಾಲಿರುವುದೂ ಆಗ ಕಣ್ಣಿಗೆ ಬಿತ್ತು. ಹಲಗೆಯಡಿ ಆಫೀಸಿನ ಕಾಗದ ಮಡಚಿ ತುರುಕಿದೆ, ಮರುದಿನ ಮತ್ತೆ ವಾಲಿತ್ತು. ಖಲಾಸ್, ಇದು ನನ್ನ ಕೈಯಲ್ಲಿ ಆಗುವ ಕೆಲಸ ಅಲ್ಲ ಎಂದುಕೊಂಡು ಕೆಳಗಿನ ಮಹಡಿಯ ಶಾಫಿಯನ್ನು ಕರೆದೆ. ಉಳ್ಳಾಲದ ಹುಡುಗ, ಅವನ ಕೆಲಸವೇ ಅದಲ್ಲವೇ, ವೆಸ್ಟ್ ಬೇ ಹೋಟೆಲುಗಳ ಹಾಲ್‌ಗಳಿಗೆ ಸ್ಪೀಕರ್ ಕೂರಿಸುವುದು. ಕಳೆದ ಶುಕ್ರವಾರ ನಮಾಜು ಮುಗಿಸಿ ಬಂದ. ನಾನು ಚಹಾ ಮಾಡಿಕೊಟ್ಟೆ.

ಅವನು ಕೆಲಸ ಮಾಡುವುದನ್ನು ನೋಡುವುದೇ ಒಂದು ಚಂದ. ನಿನ್ನ ಕೈಗನ್ನಡಿ ಕೇಳಿ ತೆಗೆದುಕೊಂಡ. ನನ್ನನ್ನು ಸೋಫಾದಲ್ಲಿ ಕೂರಿಸಿ, ಪಕ್ಕದ ಗೋಡೆಗೆ ಕನ್ನಡಿ ಹಿಡಿದು ಮೆಲ್ಲ ಸರಿಸುತ್ತ, ಸ್ಪೀಕರ್ ಕಂಡಾಗ ಹೇಳಿ ಎಂದ. ಕಂಡ ಜಾಗದಲ್ಲೇ ಸ್ವರ ಗೋಡೆಗೆ ಬಡಿದು ಎರಡನೆಯ ಸಲ ನನ್ನ ಕಿವಿಗೆ ಬರುವುದಂತೆ, ಅಲ್ಲೊಂದು ಪರದೆಯೋ ಬಟ್ಟೆಯೋ ಇದ್ದರೆ ಒಳ್ಳೆಯದಂತೆ. ಬೆಳಕು ಹೋಗುವ ಹಾಗೆ ಸ್ವರವೂ ಹೋಗುತ್ತದೆ ಎಂದು ನಾನು ಈ ವಯಸ್ಸಿನಲ್ಲಿ ಕಲಿತೆ. ಆಮೇಲೆ ಅವನು ಮೊಬೈಲಿನಿಂದ ಒಂದೇ ಒಂದು ಸ್ವರ ಹಾಕಿ, ಅದನ್ನು ತಗ್ಗಿನಿಂದ ಮೆಲ್ಲ ಮೆಲ್ಲ ಏರಿಸುತ್ತ ಹೋದ. ಒಂದು ಕಡೆ ಬಂದದ್ದೇ ಎಡಗಡೆಯ ಕಾರ್ಟನ್ ಗುಂಯ್ ಎಂದಿತು. ಸ್ಪೀಕರ್ ಅಲ್ಲ, ಕಾರ್ಟನ್. ಅವನು ಅದರ ಮೇಲೆ ಅಂಗೈ ಒತ್ತಿದ, ಸದ್ದು ನಿಂತಿತು. ಕೈ ತೆಗೆದ, ಮತ್ತೆ ಗುಂಯ್.

ಬೆರಳು ಮಡಚಿ ಎರಡು ಸಲ ತಟ್ಟಿ ನೋಡಿ, "ಅಂಕಲ್, ಇದರ ಒಳಗೆ ಎಂತ ಉಂಟು?" ಎಂದು ಕೇಳಿದ.

ಡಿನ್ನರ್ ಸೆಟ್, ಮೂವತ್ತಾರು ಪೀಸು, ತಟ್ಟೆಯ ಅಂಚಿಗೆ ನೀಲಿ ಹೂ ಎಂದು ನಾನು ಬಹಳ ಗತ್ತಿನಿಂದ ಹೇಳಿದೆ. ಅವನು ಬಗ್ಗಿ ನಿನ್ನ ಚೀಟಿ ಓದಿದ. ಅವನ ಮುಖ ಒಂದು ಥರ ಆಯಿತು. ಇನ್ನೊಂದು ದಿನ ನೋಡುವ ಅಂಕಲ್, ಈಗ ಒಂದು ಅರ್ಜೆಂಟ್ ಕೆಲಸ ಉಂಟು ಎಂದು ಚಹಾವನ್ನು ಅರ್ಧಕ್ಕೆ ಬಿಟ್ಟು ಎದ್ದ. ಶುಕ್ರವಾರ ಮಧ್ಯಾಹ್ನ ಯಾರಿಗೆ ಅರ್ಜೆಂಟು?

ಅವನು ಹೋದ ಮೇಲೆ ನಾನು ಸ್ಪೀಕರನ್ನು ತಬ್ಬಿ ಹಿಡಿದು ನೆಲಕ್ಕಿಳಿಸಿ, ಹಲಗೆ ತೆಗೆದು, ಸೊಂಟ ಉಳುಕಬಾರದೆಂದು ಮೊಣಕಾಲೂರಿ, ಎರಡೂ ಕೈ ಹಾಕಿ ಕಾರ್ಟನ್ ಎತ್ತಿದೆ. ಎತ್ತಿದ ರಭಸಕ್ಕೆ ಹಿಂದಕ್ಕೆ ಬಿದ್ದೆ. ಅದರಲ್ಲಿ ಭಾರವೇ ಇರಲಿಲ್ಲ. ಟೇಪು ಕಿತ್ತು ನೋಡಿದರೆ ಥರ್ಮಕೋಲಿನ ಅಚ್ಚು ಮಾತ್ರ, ತಟ್ಟೆಗಳು ಕುಳಿತಿದ್ದ ಗುಂಡಗಿನ ಗುಳಿಗಳು ಸಾಲಾಗಿ. ಪಕ್ಕದ್ದನ್ನು ತೆರೆದೆ. ಕುಕ್ಕರ್ ಇಲ್ಲ. ಅದರ ಪಕ್ಕದ್ದು. ಪರದೆ ಇಲ್ಲ. ಹತ್ತು ಕಾರ್ಟನ್ ಹೀಗೆಯೇ. ಹನ್ನೊಂದನೆಯದರಲ್ಲಿ ಮಾತ್ರ, ನಾನು ಸೂಕ್ ಬಜಾರಿನಲ್ಲಿ ಮೂರು ಶುಕ್ರವಾರ ಅಲೆದು ತಂದ ಮುಂಬಾಗಿಲಿನ ಹಿತ್ತಾಳೆ ಹಿಡಿ, ನಿನ್ನ ಹಳೆಯ ಹತ್ತಿ ಸೀರೆಯ ತುಂಡಿನಲ್ಲಿ ಸುತ್ತಿ ಭದ್ರವಾಗಿ ಇತ್ತು. ನಾನು ತಂದದ್ದನ್ನು ನೀನು ಮುಟ್ಟಿರಲಿಲ್ಲ.

ನನಗೆ ಸಿಟ್ಟು ಬಂತು. ಸುಳ್ಳು ಹೇಳುವುದಿಲ್ಲ, ತುಂಬ ಬಂತು. ಶನಿವಾರ ನೀನು ಫೋನ್ ಮಾಡಿದಾಗ ನೆಟ್‌ವರ್ಕ್ ಮಾಫಿ, ಸಿಗುತ್ತಿಲ್ಲ ಎಂದು ಕಟ್ ಮಾಡಿದೆನಲ್ಲ, ನೆಟ್‌ವರ್ಕ್ ಸರಿಯಾಗಿಯೇ ಇತ್ತು. ಗಂಡನ ಕಣ್ಣೆದುರೇ ಊರಿನ ಮನೆಯನ್ನು ಒಂದೊಂದೇ ಹೊರಗೆ ಸಾಗಿಸಿ, ಖಾಲಿ ಕಾರ್ಟನ್‌ಗೆ ಟೇಪು ಸುತ್ತಿ ನನ್ನನ್ನು ಮಂಗ ಮಾಡಿದಳು ಅಂದುಕೊಂಡೆ. ಎಲ್ಲಿಗೆ ಹೋಯಿತು, ಯಾರಿಗೆ ಹೋಯಿತು, ಯಾವಾಗ, ಯಾಕೆ? ಸಿಟ್ಟಿಗಿಂತ ಈ ಪ್ರಶ್ನೆಗಳೇ ನನ್ನನ್ನು ಹೆಚ್ಚು ತಿಂದವು. ಶಾಫಿಯ ಮುಖ ಯಾಕೆ ಹಾಗಾಯಿತು ಎನ್ನುವುದು ಎಲ್ಲಕ್ಕಿಂತ ಜಾಸ್ತಿ. ಭಾನುವಾರ ಆಫೀಸಿನಿಂದ ಬಂದವನು ಬೂಟು ಬಿಚ್ಚದೆ ನೇರ ಅವನ ಮನೆಯ ಬೆಲ್ ಒತ್ತಿದೆ.

ಬಾಗಿಲು ತೆರೆದವಳು ಅವನ ಹೆಂಡತಿ ಮಿಸ್ರಿಯಾ. ನನ್ನನ್ನು ನೋಡಿದ್ದೇ ಅವಳಿಗೆ ಎಲ್ಲ ಗೊತ್ತಾಯಿತು ಕಾಣುತ್ತದೆ. ಶಾಫಿ ಒಳಗಿನಿಂದ ಬಂದು ತಲೆ ತಗ್ಗಿಸಿ ನಿಂತ. ನಾನು ಬಾಯಿ ತೆರೆಯುವ ಮೊದಲೇ ಅವಳು ನನ್ನನ್ನು ಕೂರಿಸಿ, ಒಳಗೆ ಹೋಗಿ, ಬಿಸಿ ಬಿಸಿ ಅಕ್ಕಿ ರೊಟ್ಟಿ ಮತ್ತು ಕೋಳಿ ಸಾರು ತಂದು ಮುಂದಿಟ್ಟಳು. ಅಂಚಿಗೆ ನೀಲಿ ಹೂವಿನ ತಟ್ಟೆಯಲ್ಲಿ. ಬಚ್ಚಿಡಬಹುದಿತ್ತು, ಅವರ ಮನೆಯಲ್ಲಿ ಬೇರೆ ತಟ್ಟೆಯೂ ಇರಬಹುದು. ಆದರೆ ಅದರಲ್ಲೇ ತಂದಳು. ಹದಿನಾಲ್ಕು ವರ್ಷದ ಹಿಂದೆ ನಾವು ಕೊಂಡ ತಟ್ಟೆಯಲ್ಲಿ ನಾನು ಮೊದಲ ಸಲ ಊಟ ಮಾಡಿದ್ದು ಬೇರೆಯವರ ಮನೆಯಲ್ಲಿ. ರೊಟ್ಟಿ ಮಾತ್ರ ಚೆನ್ನಾಗಿತ್ತು, ನಾಲ್ಕು ತಿಂದೆ.

ಅವಳೇ ಹೇಳಿದಳು. ಮದುವೆಯಾಗಿ ದೋಹಾಕ್ಕೆ ಬಂದ ವಾರ ಅವರ ಮನೆಯಲ್ಲಿ ಎರಡೇ ತಟ್ಟೆ ಇದ್ದದ್ದು, ನೀನು ನೋಡಿ ಬಂದು, ಮರುದಿನ ಎರಡು ಚೀಲದಲ್ಲಿ ಮೂವತ್ತಾರು ಪೀಸನ್ನೂ ಹೊತ್ತು ಮೆಟ್ಟಿಲಿಳಿದು ತಂದದ್ದು. ಅಷ್ಟು ದೊಡ್ಡದು ಬೇಡ ಆಂಟಿ, ಊರಿನ ಮನೆಗೆ ಅಂತ ಇಟ್ಟದ್ದಲ್ಲವಾ ಎಂದು ಅವಳು ಹಿಂದೆ ಸರಿದದ್ದು. ಆಗ ನೀನು ಹೇಳಿದ ಮಾತನ್ನು ಅವಳು ನೆನಪಿಟ್ಟುಕೊಂಡಿದ್ದಾಳೆ. "ತಟ್ಟೆ ನೀನು ಇಟ್ಟುಕೋ ಮಗಾ, ಊಟ ಮಾಡಲಿಕ್ಕೆ ಇರುವುದು ಅದು. ಕಾರ್ಟನ್ ಮಾತ್ರ ನನಗೆ ಬೇಕು. ಅಂಕಲ್ ಅವರಾಗಿ ಬಾಯಿ ಬಿಟ್ಟು ಹೇಳುವವರೆಗೆ ಅದು ಅಲ್ಲೇ ಇರಲಿ."

ಅಂಕಲ್ ಏನು ಹೇಳಬೇಕಿತ್ತು ಎಂದು ಮಿಸ್ರಿಯಾಳಿಗೆ ಇವತ್ತಿಗೂ ಗೊತ್ತಿಲ್ಲ. ನನಗೆ ಗೊತ್ತಾಯಿತು.

ಈಗ ಹೇಳುತ್ತೇನೆ ಮಟಿಲ್ಡಾ. ಶಿರ್ವದ ಜಾಗ ಇಲ್ಲ. ಐದು ವರ್ಷವಾಯಿತು, ನಾನು ಅದನ್ನು ಮಾರಿದೆ. ಲಾಕ್‌ಡೌನ್ ಆದ ವರ್ಷ ಕಂಪನಿ ನಮ್ಮನ್ನು ಮನೆಯಲ್ಲಿ ಕೂರಿಸಿತಲ್ಲ, ಅರ್ಧ ಸಂಬಳ ಬರುತ್ತಿದೆ ಎಂದು ನಾನು ನಿನಗೆ ಹೇಳುತ್ತಿದ್ದೆ. ಅರ್ಧವೂ ಬರುತ್ತಿರಲಿಲ್ಲ, ಏನೂ ಬರುತ್ತಿರಲಿಲ್ಲ. ನಿನ್ನ ನರ್ಸರಿ ಶಾಲೆಯೂ ಮುಚ್ಚಿತ್ತು. ಎಂಟು ತಿಂಗಳು ಈ ಮನೆಯ ಬಾಡಿಗೆ, ಅಕ್ಕಿ, ನಿನ್ನ ಥೈರಾಯ್ಡಿನ ಮಾತ್ರೆ, ಎಲ್ಲವೂ ಆ ಜಾಗದಿಂದ ಬಂತು. ಕಾಗದಪತ್ರಕ್ಕೆ ಸಹಿ ಹಾಕುವ ಅಧಿಕಾರ ಅಣ್ಣ ಕೆನೆತ್‌ಗೆ ಮೊದಲೇ ಕೊಟ್ಟಿತ್ತು, ಊರಿನಲ್ಲಿ ಅವನೇ ಮುಗಿಸಿದ. ಯಾರಿಗೂ ಹೇಳಬೇಡ ಎಂದು ನಾನು ಅವನಿಂದ ಮಾತು ತೆಗೆದುಕೊಂಡೆ. ಮತ್ತೆ ಕೆಲಸಕ್ಕೆ ಕರೆದ ಮೇಲೆ ಹೇಳಿಬಿಡುತ್ತೇನೆ ಎಂದುಕೊಂಡಿದ್ದೆ. ಕೆಲಸಕ್ಕೆ ಹೋದ ಮೊದಲ ವಾರವೇ ನೀನು ತಾಮ್ರದ ತಳದ ಪಾತ್ರೆಗಳ ಕಾರ್ಟನ್ ಹಿಡಿದು ನಗುನಗುತ್ತ ಬಂದಿ, ಊರಿನ ಮನೆಗೆ ಎಂದಿ. ನಾನು ಇಡು ಎಂದೆ. ಟೇಪು ಸುತ್ತಲು ಸಹಾಯವನ್ನೂ ಮಾಡಿದೆ. ನಿಲ್ಲಿಸಲು ನೆಲವೇ ಇಲ್ಲದ ಮನೆಗೆ ನೀನು ಪಾತ್ರೆ ಕೊಳ್ಳುವುದನ್ನು ನೋಡುತ್ತ ನಿಂತ ಹೇಡಿ ನಾನು. ಜಾಗ ಮಾರಿದ್ದಕ್ಕೆ ನನಗೆ ಅಷ್ಟು ನಾಚಿಕೆಯಿಲ್ಲ, ಆಗ ಬೇರೆ ದಾರಿ ಇರಲಿಲ್ಲ. ಟೇಪು ಸುತ್ತಿದ್ದಕ್ಕೆ ಇದೆ.

ನಿನಗೆ ಯಾವಾಗ ಗೊತ್ತಾಯಿತು? ಇದನ್ನು ಕೇಳದೆ ಇರಲಾರೆ. ಭಾನುವಾರ ಮನೆಗೆ ಬಂದು ನಿನ್ನ ಚೀಟಿಗಳನ್ನೆಲ್ಲ ಬಿಡಿಸಿ ಮೇಜಿನ ಮೇಲೆ ವರ್ಷದ ಪ್ರಕಾರ ಜೋಡಿಸಿದೆ, ಆಫೀಸಿನ ಬುದ್ಧಿ. ಕೊನೆಯ ಚೀಟಿ ಎರಡು ಸಾವಿರದ ಇಪ್ಪತ್ತೆರಡರ ಮಾರ್ಚಿನದು. ಅಲ್ಲಿಂದ ಈಚೆಗೆ ಒಂದೂ ಹೊಸ ಕಾರ್ಟನ್ ಇಲ್ಲ, ನಾನು ಗಮನಿಸಿಯೇ ಇರಲಿಲ್ಲ. ಆ ವರ್ಷ ಮೇ ತಿಂಗಳಿನಲ್ಲಿ ನಾವು ರಜೆಗೆ ಹೋದಾಗ ನೀನೊಬ್ಬಳೇ ಶಿರ್ವಕ್ಕೆ ಯಾವುದೋ ಮದುವೆಗೆ ಹೋಗಿದ್ದಿ. ಸಂಜೆ ಬಂದು ತಲೆನೋವು ಎಂದು ಊಟ ಮಾಡದೆ ಮಲಗಿದಿ. ಅಲ್ಲಿ ಯಾರದೋ ಕಾಂಪೌಂಡ್ ಎದ್ದದ್ದನ್ನು ಅವತ್ತೇ ನೋಡಿದೆಯಾ? ಅಲ್ಲಿಯವರೆಗೆ ಪ್ರತಿ ಕ್ರಿಸ್‌ಮಸ್‌ಗೆ, ಪಾಯ ಯಾವಾಗ ತೆಗೆಸುವುದು ಎಂದು ಕೇಳುತ್ತಿದ್ದವಳು ಆಮೇಲೆ ಒಮ್ಮೆಯೂ ಕೇಳಲಿಲ್ಲ. ಮಿಸ್ರಿಯಾ ದೋಹಾಕ್ಕೆ ಬಂದದ್ದು ಅದೇ ವರ್ಷದ ಸೆಪ್ಟೆಂಬರಿನಲ್ಲಿ. ಅಂದರೆ ನಾನು ಹೇಳುತ್ತೇನೆ ಎಂದು ನೀನು ಮೂರು ವರ್ಷ ಕಾದಿದ್ದಿ. ನಾನು ಕಾರ್ಟನ್‌ಗಳನ್ನು ನೋಡಿ ನಿನಗೆ ಗೊತ್ತಿಲ್ಲ ಎಂದು ಸಮಾಧಾನಪಡುತ್ತಿದ್ದೆ, ನೀನು ನನ್ನ ಸಮಾಧಾನಕ್ಕೆ ಅವುಗಳನ್ನು ನಿಲ್ಲಿಸಿದ್ದಿ. ಅಥವಾ ನಾನು ಲೆಕ್ಕ ಹಾಕಿದ್ದೇ ತಪ್ಪಾ? ಸಿಟ್ಟಿನಿಂದಲೇ ನಿಲ್ಲಿಸಿದ್ದೆಯಾ? ಹಾಗಿದ್ದರೂ ಹೇಳು. ನನಗೆ ನಿಜ ಬೇಕು.

ಕುಕ್ಕರ್ ಯಾರ ಮನೆಯಲ್ಲಿದೆ? ಗೋಧಿ ಬಣ್ಣದ ಪರದೆ ಯಾವ ಕಿಟಕಿಯಲ್ಲಿದೆ? ಇವನ್ನು ವಾಪಸು ಕೇಳಲು ಅಲ್ಲ, ನೋಡಲು. ನೀನು ಒಪ್ಪಿದರೆ ಒಂದೊಂದು ಶುಕ್ರವಾರ ಒಂದೊಂದು ಮನೆಗೆ ನನ್ನನ್ನು ಕರೆದುಕೊಂಡು ಹೋಗು. ನಮ್ಮ ಮನೆ ಎಲ್ಲೆಲ್ಲಿ ಹರಡಿದೆ ಎಂದು ನೋಡಬೇಕು ಅನಿಸುತ್ತದೆ.

ಸೋಮವಾರ ಥರ್ಮಕೋಲ್, ರಟ್ಟು ಎಲ್ಲ ಕೆಳಗೆ ಸಾಗಿಸಿದೆ. ಮಟಿಲ್ಡಾ, ನಮ್ಮ ಹಾಲು ಇಷ್ಟು ದೊಡ್ಡದು ಎಂದು ನಿನಗೆ ಗೊತ್ತಿತ್ತಾ? ಕಾರ್ಟನ್‌ಗಳ ಹಿಂದಿನ ಗೋಡೆ ಬೇರೆಯೇ ಬಣ್ಣ, ನಾವು ಬಂದ ವರ್ಷದ ಬಣ್ಣ. ಅಲ್ಲೊಂದು ಪ್ಲಗ್ ಪಾಯಿಂಟ್ ಕೂಡ ಇದೆ, ಇಷ್ಟು ವರ್ಷ ನಾವು ಎಕ್ಸ್‌ಟೆನ್ಷನ್ ವಯರು ಎಳೆದು ಎಡವಿದ್ದು ಸುಮ್ಮನೆ. ನಿನ್ನೆ ಶಾಫಿ ಬಂದ, ಈ ಸಲ ಚಹಾ ಪೂರ್ತಿ ಕುಡಿದ. ಸ್ಪೀಕರುಗಳನ್ನು ನೆಲದ ಮೇಲೆ, ಗೋಡೆಯಿಂದ ಎರಡಡಿ ಮುಂದಕ್ಕೆ, ಒಂದಕ್ಕೊಂದು ಏಳಡಿ ದೂರದಲ್ಲಿ ನಿಲ್ಲಿಸಿದ. ಸೋಫಾವನ್ನು ಅಷ್ಟೇ ದೂರಕ್ಕೆ ಎಳೆದ. ಗುಂಯ್ ಇಲ್ಲ. ಟ್ವೀಟರ್ ಈಗ ಮೂವತ್ತೇಳು ಇಂಚಿನಲ್ಲಿದೆ, ಇನ್ನೆರಡು ಇಂಚು ಕಡಿಮೆ. ಮುಂದಿನ ಕಾಲಿನ ಸ್ಕ್ರೂ ತಿರುಗಿಸಿ ಸ್ಪೀಕರನ್ನು ಒಂಚೂರು ಹಿಂದಕ್ಕೆ ವಾಲಿಸಿದರೆ ಸರಿಯಾಗುತ್ತದಂತೆ. ಎಷ್ಟು ವಾಲಿಸಬೇಕು ಎನ್ನುವುದು ಕೂರುವವರ ಕಿವಿಯ ಮೇಲೆ ಹೋಗುತ್ತದಂತೆ.

ಅವನು ಸ್ಕ್ರೂ ಹಿಡಿದುಕೊಂಡು ಬಗ್ಗಿದವನು ತಲೆ ಎತ್ತಿ, "ಆಂಟಿ ಎಲ್ಲಿ ಕೂತುಕೊಳ್ಳುವುದು ಅಂಕಲ್? ಅವರ ಕಿವಿ ಎಷ್ಟು ಎತ್ತರಕ್ಕೆ ಬರ್ತದೆ?" ಎಂದು ಕೇಳಿದ.

ನೀನು ಈ ಸೋಫಾದಲ್ಲಿ ಕುಳಿತದ್ದು ನನಗೆ ನೆನಪಾಗಲೇ ಇಲ್ಲ. ಸೋಫಾದ ನಿನ್ನ ಕಡೆ ಪೂರ್ತಿ ಕಾರ್ಟನ್ ಒತ್ತಿಕೊಂಡಿತ್ತು, ನೀನು ಅಡುಗೆಮನೆಯ ಬಾಗಿಲಲ್ಲಿ ಪ್ಲಾಸ್ಟಿಕ್ ಸ್ಟೂಲ್ ಹಾಕಿಕೊಂಡು, ಬೆಳ್ಳುಳ್ಳಿ ಸುಲಿಯುತ್ತ, ಕತ್ತು ಓರೆ ಮಾಡಿ ಟಿವಿ ನೋಡುತ್ತಿದ್ದಿ. ನಾನು ಆಫೀಸಿನಲ್ಲಿ ಬಾಗಿಲು, ಕಿಟಕಿ, ಪೈಪುಗಳ ಅಳತೆಗಳನ್ನು ಬಾಯಿಪಾಠ ಹೇಳುವವನು. ಮದುವೆಯಾಗಿ ಇಪ್ಪತ್ತಾರು ವರ್ಷ, ಹೆಂಡತಿ ಹಾಯಾಗಿ ಒರಗಿ ಕುಳಿತರೆ ಅವಳ ಕಿವಿ ಎಷ್ಟು ಎತ್ತರ ಎಂದು ಗೊತ್ತಿಲ್ಲ. ಶಾಫಿಗೆ ಸ್ಕ್ರೂ ಹಾಗೆಯೇ ಬಿಡು ಎಂದೆ.

ಶನಿವಾರ ಏರ್‌ಪೋರ್ಟಿಗೆ ಬರುತ್ತೇನೆ. ಇದನ್ನು ಓದಿ ನನ್ನ ಮುಖ ನೋಡುವುದು ಬೇಡ ಅನಿಸಿ ಇನ್ನೊಂದು ತಿಂಗಳು ಪ್ಯಾಟ್ರಿಷಿಯಾಳ ಜೊತೆಯೇ ಇರುತ್ತೇನೆ ಎಂದರೆ, ನಾನು ಎದುರು ಮಾತಾಡುವುದಿಲ್ಲ. ಆದರೆ ಬಾ. ಬಂದು ಬಾಯಿಗೆ ಬಂದಷ್ಟು ಬೈ, ಮೂರು ವರ್ಷದ್ದು ಬಾಕಿ ಇದೆ. ಬೈದು ಸಾಕಾದ ಮೇಲೆ ಆ ಸೋಫಾದಲ್ಲಿ ಕುಳಿತುಕೋ, ಬೆಳ್ಳುಳ್ಳಿ ನಾನು ಸುಲಿಯುತ್ತೇನೆ. ನೀನು ಕೂರುವವರೆಗೆ ಸ್ಪೀಕರಿನ ಸ್ಕ್ರೂ ತಿರುಗಿಸಲು ನನಗೆ ಆಗುವುದಿಲ್ಲ.

ನಿನ್ನ ಪ್ರಯಾಣಕ್ಕೆ ದೇವಮಾತೆ ಜೊತೆಗಿರಲಿ, ಪ್ಯಾಟ್ರಿಷಿಯಾಳ ಕಾಲಿಗೆ ಬೇಗ ಬಲ ಬರಲಿ. ಇಷ್ಟು ವರ್ಷ ಬಾಯಿ ಮುಚ್ಚಿ ನನ್ನ ಮರ್ಯಾದೆ ಕಾಯ್ದ ನಿನಗೆ, ನಮ್ಮ ಕೊಂಕಣಿಯಲ್ಲೇ ಹೇಳಬೇಕು: ದೇವ್ ಬರೆಂ ಕರುಂ, ದೇವರು ನಿನಗೆ ಒಳ್ಳೆಯದು ಮಾಡಲಿ.

ನಿನ್ನ ಎದುರು ಕುಳಿತು ಕೇಳಲು ಕಾದಿರುವ,
ಲ್ಯಾನ್ಸ್‌ಲಾಟ್